ಬುಢಿಯಾ ಕೊಳದ ಮದುವೆಗೆ ಬಂದ ಹದಿನೇಳು ಮೀನು

ಫೇಕನ್ ಕಾಕಾ ತಮ್ಮ ಬಲಗೈ ಮೊಣಕೈಯನ್ನು ನಂಬಿದಷ್ಟು ಬೇರೆ ಯಾರನ್ನೂ ನಂಬುವುದಿಲ್ಲ. ಕೊಳದ ನೀರು ಮರಿ ಬಿಡಲು ಹದವಾಗಿದೆಯೇ ಎಂದು ನೋಡಬೇಕಾದರೆ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, ತೋಳನ್ನು ಮೊಣಕೈವರೆಗೆ ಇಳಿಸಿ, ಕಣ್ಣು ಕಿರಿದು ಮಾಡಿ ತಮ್ಮ ಅಂಗೈಯನ್ನು ತಾವೇ ಹುಡುಕುತ್ತಾರೆ. ಅಂಗೈ ಗೆರೆ ಸಮೇತ ಕಂಡರೆ ಅದು ಬರೀ ನೀರು, ಮರಿಗಳಿಗೆ ತಿನ್ನಲು ಏನೂ ಇಲ್ಲ. ಮಣಿಕಟ್ಟೇ ಕಾಣದಿದ್ದರೆ ಹಸಿರು ಅತಿಯಾಯಿತು, ಬೆಳಗಾಗುವ ಹೊತ್ತಿಗೆ ಮೀನುಗಳು ಉಸಿರು ಸಾಲದೆ ಮೇಲೆ ಬಂದು ಬಾಯಿ ಬಿಡುತ್ತವೆ. ಮೊಣಕೈ ಮುಳುಗುವುದಕ್ಕೂ ಅಂಗೈ ಮಾಯವಾಗುವುದಕ್ಕೂ ಸರಿಹೋದರೆ ಮಾತ್ರ ಕಾಕಾ ಕೈ ಕೊಡವಿ ಎದ್ದು, "ತರಿಸಿ" ಎನ್ನುತ್ತಾರೆ. ಆ ಒಂದು ಮಾತನ್ನು ನಂಬಿ ನಮ್ಮ ಬೆಸ್ತರ ಕೇರಿ ಇಡೀ ವರ್ಷದ ಅನ್ನವನ್ನು ನೀರಿಗೆ ಹಾಕುತ್ತದೆ.

ಅವರ ಮನೆಗೂ ನಮ್ಮ ಮನೆಗೂ ಇರುವುದು ಒಂದೇ ಗೋಡೆ. ಕಮಲಾ ನದಿಯ ಆಚೆಯಿಂದ ಈ ಕೇರಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಅಷ್ಟೂ ವರ್ಷ ಗೋಡೆಯಾಚೆಯಿಂದ ಬರುವ ಕಾಕಾರ ಬಡಾಯಿ ಕೇಳಿಕೊಂಡೇ ನಾನು ಸಾಸಿವೆ ಅರೆದಿದ್ದೇನೆ. ಹಾಗಾಗಿ ಅವರ ಬಗ್ಗೆ ಮಾತಾಡುವ ಹಕ್ಕು ನನಗೆ ಇದ್ದೇ ಇದೆ.

ಅವರ ಹೆಸರೇ ಒಂದು ಕಥೆ. ಫೇಕನ್ ಎಂದರೆ ಎಸೆದವನು. ಅವರಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲವೆಂದು, ಇವರು ಹುಟ್ಟಿದ ಕೂಡಲೇ ಅವರಮ್ಮ ಒಯ್ದು ತಿಪ್ಪೆಯ ಪಕ್ಕದಲ್ಲಿಟ್ಟು, ಬೇಡವಾದದ್ದನ್ನು ಎಸೆದಿದ್ದೇನೆ ಎಂದು ಯಮನಿಗೆ ಕೇಳುವ ಹಾಗೆ ಹೇಳಿ, ಅವನು ಅತ್ತ ಹೋದ ಮೇಲೆ ಎತ್ತಿಕೊಂಡು ಬಂದರಂತೆ. ಯಮ ಮೋಸ ಹೋದ. ತಮಗೆ ಮಾತ್ರ ಯಾರೂ ಮೋಸ ಮಾಡಲಾರರು ಎಂಬ ಗರ್ವ ಕಾಕಾರಿಗೆ ಅಂದಿನಿಂದಲೇ ಬಂದಿರಬೇಕು. ಮೋಸ ಮಾಡಿದ್ದು ಒಬ್ಬ ಹೆಂಗಸು ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಮೊಣಕೈ ಬಿಟ್ಟರೆ ಅವರ ಇನ್ನೊಂದು ಗರ್ವ ನಾಲಿಗೆ. ಮೀನಿನ ಸಾರು ಒಂದು ಗುಟುಕು ಕುಡಿದರೆ ಸಾಕು, ಮೀನು ಯಾವ ಕೊಳದ್ದು, ಏನು ತಿಂದು ಬೆಳೆದದ್ದು, ಹಿಡಿದು ಎಷ್ಟು ಹೊತ್ತಾಯಿತು ಎಲ್ಲ ಹೇಳುತ್ತಾರೆ. ಯಾರ ಮನೆಯ ಮದುವೆಗೆ ಹೋದರೂ ಮೊದಲ ತುತ್ತು ನುಂಗಿ ಕಣ್ಣು ಮುಚ್ಚುತ್ತಾರೆ. ಬಡಿಸುವವರು ಸೌಟು ಹಿಡಿದು ತೀರ್ಪಿಗೆ ಕಾಯಬೇಕು. ಹೇಳಿದ್ದು ಸರಿಯೋ ತಪ್ಪೋ ಮೀನನ್ನು ಕೇಳಲು ಆಗುವುದಿಲ್ಲವಲ್ಲ, ಹಾಗಾಗಿ ಯಾವಾಗಲೂ ಅವರದೇ ಗೆಲುವು.

ಆದರೆ ಮೂರು ವರ್ಷದ ಹಿಂದೆ ಬುಢಿಯಾ ಕೊಳದ ವಿಷಯದಲ್ಲಿ ಅವರು ಸೋತಿದ್ದರು. ಬುಢಿಯಾ ಎಂದರೆ ಮುದುಕಿ, ನಮ್ಮ ಕೇರಿಯ ದೊಡ್ಡ ಕೊಳದ ಹೆಸರು ಅದು. ಹೆಸರಿಗೆ ತಕ್ಕ ಹಾಗೆ ತುಂಬಾ ಹಳೆಯದು, ಮೊಣಕಾಲುದ್ದ ಹೂಳು. ಆ ವರ್ಷ ಕಾಕಾ "ತರಿಸಿ" ಎಂದರು, ರೋಹು, ಕಾಟ್ಲಾ, ನೈನಿ ಮರಿಗಳನ್ನು ತಂದು ಬಿಟ್ಟೆವು. ಹನ್ನೊಂದು ತಿಂಗಳ ಮೇಲೆ ಬಲೆ ಎಳೆದರೆ ಬಂದದ್ದು ತೊಡೆಗಾತ್ರದ ಏಳು ಗರಈ ಮೀನು. ಗರಈ ಎಂದರೆ ಹಾವಿನ ತಲೆಯ ಮೀನು, ಹೂಳಿನಲ್ಲಿ ಅಡಗಿದ್ದು ಸಿಕ್ಕ ಮರಿಯನ್ನೆಲ್ಲ ನುಂಗುತ್ತದೆ. ನಮ್ಮ ಇಡೀ ವರ್ಷದ ಅನ್ನ ಆ ಏಳರ ಹೊಟ್ಟೆಯಲ್ಲಿತ್ತು. ಆ ವರ್ಷ ಕಾಕಾ ಮದುವೆ ಮನೆಗಳಿಗೂ ಹೋಗಲಿಲ್ಲ.

ಹಾಗಾಗಿ ಈ ಸಲ ಹೂಳೆತ್ತಿಸುವುದೆಂದು ತೀರ್ಮಾನವಾದಾಗ ಬೆಸ್ತರ ಸಂಘದ ಕಾರ್ಯದರ್ಶಿ ಬಿಲಟ್ ಮುಖಿಯಾ ಎಲ್ಲರೆದುರಿಗೆ ಒಂದು ಮಾತು ಹೇಳಿದ. ಬಿಲಟ್ ಕಾಕಾರಿಗಿಂತ ಹದಿನೈದು ವರ್ಷ ಚಿಕ್ಕವನು. ಅವನ ಹತ್ತಿರ ನೀರು ಪರೀಕ್ಷಿಸುವ ಒಂದು ಡಬ್ಬಿಯಿದೆ, ಅದರೊಳಗೆ ಸಣ್ಣ ಸಣ್ಣ ಶೀಶೆಗಳು. "ನೋಡಿ ಕಾಕಾ, ಈ ಸಲಾನೂ ಒಳಗೆ ಕಳ್ಳ ಮೀನು ಉಳೀತು ಅಂದ್ರೆ, ಕೊಳ ನೋಡ್ಕೊಳ್ಳೋದು ಬಿಟ್ಟು ಮಂಚದ ಮೇಲೆ ಆರಾಮಾಗಿ ಕೂತ್ಕೊಳ್ಳಿ. ನನ್ನ ಶೀಶೆ ನೋಡ್ಕೊಳ್ಳುತ್ತೆ" ಎಂದ. ಕಾಕಾ ಒಪ್ಪಿದರು. ಒಪ್ಪಿ ಮನೆಗೆ ಬಂದು ಹೆಂಡತಿ ಫುಲದಾಯಿ ಕಾಕಿಗೆ ಹೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು: "ಕೊಳ ಕೈಬಿಟ್ಟು ಹೋದ್ರೆ ನಾನು ಯಾರು ಹೇಳು. ಮಂಚದ ಐದನೇ ಕಾಲು." ಕಾಕಿ ತಟ್ಟೆ ಇಟ್ಟ ಸದ್ದು ಕೇಳಿತು.

ಫಾಲ್ಗುಣದಲ್ಲಿ ಪಂಪು ಇಟ್ಟು ನೀರು ಖಾಲಿ ಮಾಡಿದರು. ಜೆಸಿಬಿ ಇಳಿದು ಮುದುಕಿಯ ಹೊಟ್ಟೆಯಿಂದ ಎಷ್ಟು ಕಾಲದ ಕೆಸರನ್ನೋ ತೆಗೆದು ದಡಕ್ಕೆ ಹಾಕಿತು. ಕಾಕಾ ಯಂತ್ರದ ಹಿಂದೆ ಹಿಂದೆಯೇ ನಡೆದು, ಪ್ರತಿ ಹೆಂಟೆಯನ್ನೂ ಕಾಲಲ್ಲಿ ಒಡೆದು ನೋಡಿದರು. ಗರಈ, ಸಿಂಘಿ, ಮಾಂಗುರ್, ಕೆಸರಿನಲ್ಲಿ ಹೂತು ತಿಂಗಳುಗಟ್ಟಲೆ ಬದುಕುವ ಜಾತಿಗಳೆಲ್ಲ ಒಂದೊಂದಾಗಿ ಬುಟ್ಟಿ ಸೇರಿದವು. ಕೊನೆಯ ದಿನ ಉತ್ತರದ ಮೂಲೆಯಲ್ಲಿ ಒಂದು ದಪ್ಪ ಮಾಂಗುರ್ ಕಾಕಾರ ಹೆಬ್ಬೆರಳಿಗೆ ಮುಳ್ಳು ಚುಚ್ಚಿಬಿಟ್ಟಿತು. ಕಾಕಾ ಕೂಗಿದ್ದು ಜೆಸಿಬಿಯ ಸದ್ದಿನ ಮೇಲೂ ಕೇಳಿಸಿತು. ಆ ಎಳೆದಾಟದಲ್ಲಿ ಮೀನಿನ ಎಡಗಡೆಯ ಮೀಸೆ ಅರ್ಧ ಕಿತ್ತುಹೋಯಿತು. "ನಿನ್ನನ್ನ ನಾನೇ ತಿಂತೀನಿ" ಎಂದು ಅದಕ್ಕೆ ಮುಖಾಮುಖಿ ಹೇಳಿ, ಮನೆಗೆ ಒಯ್ದು ಕಾಕಿಯ ಕೈಗೆ ಕೊಟ್ಟರು. ಕಾಕಿ ಅದನ್ನು ಗಡಿಗೆಯ ನೀರಿಗೆ ಬಿಟ್ಟು, ಮೇಲೆ ಮುಚ್ಚಳವಿಟ್ಟು, ಕೋಣೆಯ ಮೂಲೆಯಲ್ಲಿ ಇಟ್ಟರು. ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಾಗ ಸಾರು ಮಾಡಿಕೊಡಲು ನಮ್ಮಲ್ಲಿ ಹೀಗೆ ಒಂದು ಮಾಂಗುರ್ ಇಟ್ಟುಕೊಳ್ಳುವುದುಂಟು.

ಆಮೇಲೆ ಬರಿಗುಂಡಿಗೆ ಒಂದು ಗೇಣು ನೀರು ಬಿಟ್ಟು ಹಿಪ್ಪೆಬೀಜದ ಹಿಂಡಿ ನೆನೆಸಿ ಎರಚಿದರು, ಎಲ್ಲಾದರೂ ಅಡಗಿರುವುದು ಸಾಯಲಿ ಎಂದು. ಸತ್ತದ್ದನ್ನೆಲ್ಲ ಆರಿಸಿದರು. ಸುಣ್ಣ ಬಿತ್ತಿದರು, ಸಗಣಿ ಕದಡಿ ಸುರಿದರು, ನೀರು ತುಂಬಿಸಿದರು. ಕಾಕಾ ಮೊಣಕೈ ಇಳಿಸಿ ಕೂರಲು ಶುರುಮಾಡಿದರು. ಹನ್ನೆರಡನೇ ದಿನ ಅಂಗೈ ಮಾಯವಾಯಿತು. ಬಿಲಟ್‌ನ ಶೀಶೆಯೂ ಅದೇ ದಿನ ಸರಿ ಎಂದಿತು. ಇದರಿಂದ ಇಬ್ಬರಿಗೂ ಸಂತೋಷವಾಗಲಿಲ್ಲ.

ಆದರೆ ನೀರು ಹದವಾದ ಮಾತ್ರಕ್ಕೆ ಮರಿ ಬಿಡುವ ಹಾಗಿಲ್ಲ. ಹೂಳೆತ್ತುವಾಗ ಕೊಳದ ನಡುವಿನ ಹಳೆಯ ಕಂಬವನ್ನೂ ಕಿತ್ತಿದ್ದರು. ಕಂಬವಿಲ್ಲದ ಕೊಳ ಮದುವೆಯಾಗದ ಹೆಣ್ಣು. ಅದರ ನೀರು ದೇವರ ತಂಬಿಗೆಗೂ ಬರುವುದಿಲ್ಲ. ಹೊಸ ಕಂಬ ನೆಟ್ಟು, ಮಂತ್ರ ಹೇಳಿಸಿ, ಕೊಳಕ್ಕೂ ಕಂಬಕ್ಕೂ ಮದುವೆ ಮಾಡಿಸಬೇಕು. ಪುರೋಹಿತರಿಗೆ ಒಂದು ಅನುಮಾನ ಬಂತು: ಇವಳ ಹಳೆಯ ಗಂಡನನ್ನು ಕಿತ್ತು ಎಸೆದಿರುವುದರಿಂದ ಇವಳು ವಿಧವೆಯಲ್ಲವೇ. ಕಾಕಾ ಬಿಡಲಿಲ್ಲ. ಹಳೆಯ ಮೈ ಎಲ್ಲ ಲಾರಿಯಲ್ಲಿ ಹೋಗಿದೆ, ಈಗಿರುವುದು ಹೊಸ ಮೈ, ಅಂದ ಮೇಲೆ ಇವಳು ಕನ್ಯೆ ಎಂದು ವಾದಿಸಿದರು. ಪುರೋಹಿತರು ಪಂಚಾಂಗ ಮುಚ್ಚಿ ಕನ್ಯೆಯೇ ಎಂದರು. ಕೊಳವನ್ನು ಸಾಕಿದವರೆಂದು ಕಾಕಾ ಹೆಣ್ಣಿನ ತಂದೆಯಾದರು, ಕಾಕಿ ತಾಯಿ. ಸಾಲ್ ಮರದ ಕಂಬ ತಂದವನು ಬಿಲಟ್, ಹಾಗಾಗಿ ಅವನು ಗಂಡಿನ ತಂದೆ. ಮೂರು ವರ್ಷದಿಂದ ಮುಖ ಕೊಟ್ಟು ಮಾತಾಡದವರು ಒಂದೇ ದಿನದಲ್ಲಿ ಬೀಗರಾದರು. ಬೀಗರಿಗೆ ಏನು ಅಂದರೂ ನಡೆಯುತ್ತದೆ. ಅಂದಿನಿಂದ ಬಿಲಟ್ ಹಾದಿಯಲ್ಲಿ ಸಿಕ್ಕಾಗಲೆಲ್ಲ "ಏನು ಬೀಗರೇ, ನಿಮ್ಮ ಮಗಳಿಗೆ ವಯಸ್ಸೆಷ್ಟು, ಇನ್ನೂರೋ ಮುನ್ನೂರೋ" ಎಂದು ಕೇಳುವುದು ತಪ್ಪಲಿಲ್ಲ.

ಮದುವೆ ಜ್ಯೇಷ್ಠದ ಕೊನೆಗೆ, ನಾಲ್ಕನೇ ದಿನದ ಶಾಸ್ತ್ರದ ಬೆಳಿಗ್ಗೆ ಮರಿಗಳು ಬರುವುದು ಎಂದು ನಿಶ್ಚಯವಾಯಿತು. ಆ ವೇಳೆಗೆ ತಿಂಗಳುಗಟ್ಟಲೆ ಕೆಸರಲ್ಲಿ ನಿಂತ ಕಾಕಾರಿಗೆ ಕೆಮ್ಮು ಹಿಡಿದಿತ್ತು. ಮದುವೆಯ ಹಿಂದಿನ ದಿನ ಕಾಕಿ ಸಾರು ಮಾಡಿಕೊಟ್ಟರು. ಬೆಳಿಗ್ಗೆ ಕಾಕಾ ಹೊಸ ಧೋತಿ ಉಟ್ಟು ಕೊಳದ ಮೆಟ್ಟಿಲ ಮೇಲೆ ನಿಂತು, ಬಂದವರಿಗೆಲ್ಲ ಆ ಸಾರಿನ ಕಥೆ ಹೇಳಿದರು. ಅದು ಉತ್ತರದ ಮೂಲೆಯ ಕೆಸರಿನ ಮಾಂಗುರ್, ಮೂರು ವರ್ಷದ್ದು, ಬಸವನಹುಳ ತಿಂದು ಬೆಳೆದದ್ದು, ಅದಕ್ಕೇ ಆ ಸಿಹಿ. ಒಂದು ಬಟ್ಟಲು ಕುಡಿದದ್ದಕ್ಕೆ ಕೆಮ್ಮು ಓಡಿಹೋಯಿತು, ಬೇಕಾದರೆ ಕೇಳಿ ಎಂದು ಎದೆ ತಟ್ಟಿ ಉಸಿರೆಳೆದು ತೋರಿಸಿದರು. ನಿಜಕ್ಕೂ ಕೆಮ್ಮಿರಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಕಾಕಾ, ಬಿಲಟ್ ಮತ್ತು ನಾಲ್ಕು ಜನ ಎದೆಮಟ್ಟದ ನೀರಿನಲ್ಲಿ ಕಂಬ ಹಿಡಿದು ನಿಂತರು, ಪುರೋಹಿತರು ದೋಣಿಯಲ್ಲಿ ಕೂತು ಮಂತ್ರ ಹೇಳಿದರು. ದಡದಲ್ಲಿ ನಾವು ಹೆಂಗಸರು ಗಂಡಿನ ಕಡೆಯವರನ್ನು ಬೈಯುವ ಹಾಡುಗಳನ್ನು ಗಂಟಲು ಕಟ್ಟುವಷ್ಟು ಹಾಡಿದೆವು. ಹೆಣ್ಣಿಗೆ ಅರಿಶಿನ, ಎಣ್ಣೆ, ವೀಳ್ಯ, ಮಖಾನ ಎಲ್ಲ ಒಪ್ಪಿಸಿದ್ದಾಯಿತು. ಆಗ ನಮ್ಮ ಮಂಟೋರಿಯಾ ದೀದಿಗೆ ಒಂದು ನೆನಪಾಯಿತು. ಮದುವೆಯಾದ ಹೆಣ್ಣಿಗೆ ಮೀನು ಕೊಡದೆ ಇರುವುದುಂಟೇ. ಯಾರ ಮಗಳ ಮದುವೆಯಾದರೂ ಹೆಗಲ ಮೇಲಿನ ಅಡ್ಡೆಯಲ್ಲಿ ಮೊಸರಿನ ಗಡಿಗೆಯ ಜೊತೆ ಮೀನು ಹೋಗಲೇಬೇಕು. ಅದೂ ಜೀವಂತ ಮೀನಾದರೆ ಹೆಣ್ಣಿನ ಮನೆ ತುಂಬುತ್ತದೆ. ದೀದಿ ಮನೆಗೆ ಓಡಿ ಒಂದು ಪಾತ್ರೆ ತಂದು ಮೆಟ್ಟಿಲಲ್ಲಿ ಬಗ್ಗಿಸಿದಳು. "ಒಂಬತ್ತು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಒಬ್ಬಳು ಕೊಟ್ಟ ಮೇಲೆ ಇನ್ನೊಬ್ಬಳು ಕೈಕಟ್ಟಿ ನಿಲ್ಲುವುದು ಹೇಗೆ. ಅರ್ಧ ಗಂಟೆಯಲ್ಲಿ ಹನ್ನೆರಡು ಮನೆಯವರು ಪಾತ್ರೆ ತಂದು ಬಗ್ಗಿಸಿದೆವು. ನಾನು "ಐದು" ಎಂದೆ.

ಪಾತ್ರೆಯಲ್ಲಿ ಮನೆಯಿಂದ ಮೆಟ್ಟಿಲವರೆಗೆ ಜೀವ ಹಿಡಿದುಕೊಂಡು ಬರುವ ಮೀನು ಯಾವುದು. ರೋಹು ಬರುವುದಿಲ್ಲ, ಕಾಟ್ಲಾ ಬರುವುದಿಲ್ಲ. ಮೂಗು ಮೇಲಿಟ್ಟು ಗಾಳಿ ಕುಡಿಯುವ ಗರಈ, ಸಿಂಘಿ, ಮಾಂಗುರ್ ಮಾತ್ರ ಬರುತ್ತವೆ. ಕಾಕಾ ನಾಲ್ಕು ತಿಂಗಳು ಮಣ್ಣು ಅಗೆದು, ಹಿಂಡಿ ಎರಚಿ, ಹೆಬ್ಬೆರಳು ಚುಚ್ಚಿಸಿಕೊಂಡು ಹೊರಗೆ ಹಾಕಿದ ಜಾತಿಯನ್ನೇ ನಾವು ಶೋಭಾನೆ ಹಾಡುತ್ತ ಒಳಗೆ ಬಿಟ್ಟಿದ್ದೆವು. ಇಪ್ಪತ್ತಾರು ವರ್ಷ ಬೆಸ್ತರ ಮನೆಯಲ್ಲಿ ಉಂಡವಳಿಗೆ ಇದು ಹೊಳೆಯಲಿಲ್ಲವೇ ಎಂದು ಕೇಳಬೇಡಿ. ಅಂದು ಅದು ಕೊಳವಾಗಿರಲಿಲ್ಲ, ಮದುಮಗಳಾಗಿತ್ತು.

ಮಾರನೆಯ ಬೆಳಿಗ್ಗೆ ಕಾಕಾ ಮೆಟ್ಟಿಲ ಮೇಲೆ ಹಲ್ಲುಜ್ಜುತ್ತಿದ್ದಾಗ ಅವರ ಕಾಲಿನ ಬಳಿಯೇ ಒಂದು ಗರಈ ಮೇಲೆ ಬಂದು, ಗುಳಕ್ ಎಂದು ಗಾಳಿ ನುಂಗಿ, ನಿಧಾನವಾಗಿ ಕೆಳಗೆ ಹೋಯಿತು. ಕಾಕಾರ ಬಾಯಿಂದ ಬೇವಿನ ಕಡ್ಡಿ ಬಿತ್ತು. ಆಮೇಲೆ ಕೇರಿ ಕೇಳಿದ್ದನ್ನು ನಾನು ಬರೆಯುವುದಿಲ್ಲ. ನಮ್ಮ ಏಳು ತಲೆಮಾರನ್ನು ಒಬ್ಬರನ್ನೂ ಬಿಡದೆ ನೆನೆಸಿಕೊಂಡರು ಎಂದಷ್ಟು ಹೇಳಬಹುದು. ಬಿಲಟ್ ಬಂದು ನೋಡಿ ತುಟಿ ಕಚ್ಚಿಕೊಂಡು, "ಬೀಗರೇ, ನಿಮ್ಮ ಮಗಳ ಹೊಟ್ಟೆ ಸರಿಯಿಲ್ಲ" ಎಂದ. ಮತ್ತೆ ಹಿಂಡಿ ಹಾಕಿದರೆ ನೀರು ಮರಿಗೆ ಆಗಿಬರಲು ಮೂರು ವಾರ ಬೇಕು. ಮರಿ ತರುವ ಸುಬಲ್ ಬಂಗಾಳದಲ್ಲಿ ಆಗಲೇ ಮರಿಗಳನ್ನು ಬೇರೆ ಮಾಡಿ, ಪ್ರಯಾಣಕ್ಕೆಂದು ಅವುಗಳ ಹೊಟ್ಟೆ ಖಾಲಿ ಇಟ್ಟಿದ್ದಾನೆ. ನಾವು ಬೇಡವೆಂದರೆ ಮತ್ತೊಂದು ಊರಿಗೆ ಕೊಟ್ಟುಬಿಡುತ್ತಾನೆ, ನಮ್ಮ ಸರದಿ ಮುಂದಿನ ವರ್ಷ.

ಇರುವುದೊಂದೇ ದಾರಿ, ಬಲೆ. ಕೊಟ್ಟವರೇ ವಾಪಸು ಹಿಡಿಯಿರಿ ಎಂದು ಕಾಕಾ ಅಂದಾಗ ಹೆಂಗಸರು ಒಪ್ಪಲಿಲ್ಲ. ಮದುಮಗಳಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳುವುದೇ. ಯಾರ ಮನೆಗೆ ಒಳ್ಳೆಯದಾದೀತು. ಆಗ ಅದುವರೆಗೆ ಬಾಯಿ ತೆರೆಯದಿದ್ದ ಫುಲದಾಯಿ ಕಾಕಿ ಒಂದು ಉಪಾಯ ಹೇಳಿದರು: "ನಾಲ್ಕನೇ ದಿನ ಹುಡುಗಿ ಮನೇಲಿ ಮೀನೂಟ ಹಾಕ್ಬೇಕಲ್ಲ. ಅವಳಿಗೆ ಬಂದ ಮೀನಿಂದಾನೇ ಹಾಕೋಣ. ಕಿತ್ಕೊಂಡ ಹಾಗೂ ಆಗಲ್ಲ, ಉಂಡ ಹಾಗೂ ಆಗುತ್ತೆ." ಪುರೋಹಿತರನ್ನು ಕೇಳಿದರೆ ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದರು.

ಹೂಳೆತ್ತಿದ ತಳ ಗಟ್ಟಿ ಜೇಡಿ, ಹೂತುಕೊಳ್ಳಲು ಒಂದು ಹಿಡಿ ಕೆಸರೂ ಇರಲಿಲ್ಲ. ಅದೇ ನಮ್ಮ ಪುಣ್ಯ. ಮೂರನೇ ದಿನ ಇಡೀ ಕೇರಿ ದೊಡ್ಡ ಬಲೆ ಹಿಡಿದು ಇಳಿಯಿತು. ನಡುವೆ ಕಂಬಕ್ಕೆ ಬಲೆ ಸಿಕ್ಕಿಕೊಂಡಾಗಲೆಲ್ಲ ಕಾಕಾ ಬಿಲಟ್‌ನತ್ತ ನೋಡಿ, "ನಿಮ್ಮ ಮಗನಿಗೆ ಅತ್ತೆ ಮನೆಯವರು ಬಂದಾಗ ಅಡ್ಡ ನಿಲ್ಬಾರದು ಅಂತ ಹೇಳ್ಕೊಡಲಿಲ್ವಾ" ಎಂದು ಕೇಳುತ್ತಿದ್ದರು. ಒಂದು ಗರಈ ಬಲೆ ಹಾರಿ ಬಿಲಟ್‌ನ ಎದೆಗೆ ಬಡಿದು ಅವನ ಅಂಗಿಯೊಳಗೇ ಸಿಕ್ಕಿತು. ಅಂಥ ಬಲೆ ನಾನು ಮತ್ತೆ ಕಂಡಿಲ್ಲ. ಮೊದಲ ಎಳೆತಕ್ಕೆ ಹನ್ನೊಂದು, ಎರಡನೆಯದಕ್ಕೆ ಆರು. ಎಲ್ಲವನ್ನೂ ದೊಡ್ಡ ತೊಟ್ಟಿಗೆ ಹಾಕಿ ಚಾಪೆ ಮುಚ್ಚಿದರು. ನಾಲ್ಕನೇ ದಿನ ಬೆಳಕಾಗುತ್ತಲೇ ಎಳೆದ ಮೂರನೇ ಬಲೆಗೆ ಒಂದೂ ಬರಲಿಲ್ಲ.

ಒಟ್ಟು ಹದಿನೇಳು. ಆದರೆ ಮದುವೆಯ ದಿನ ಮೆಟ್ಟಿಲ ಮೇಲೆ ನಾವು ಕೂಗಿ ಹೇಳಿದ್ದನ್ನು ಕೂಡಿಸಿದರೆ ನಲವತ್ಮೂರು. ಕಾಕಾ ಬೆರಳು ಮಡಚಿ ಮಡಚಿ ಎಣಿಸಿ ಬಿಳುಚಿಕೊಂಡರು. ಇಪ್ಪತ್ತಾರು ಕಳ್ಳ ಮೀನು ಇನ್ನೂ ಒಳಗಿದ್ದರೆ ಕೊಳವೂ ಹೋಯಿತು, ಅವರ ಮಾತೂ ಹೋಯಿತು. ಇಲ್ಲವೇ ಈ ಕೇರಿಯ ಹೆಂಗಸರ ಬಾಯಿಯಲ್ಲಿ ಬರುವುದೆಲ್ಲ ಸುಳ್ಳು. ಎರಡರಲ್ಲಿ ಯಾವುದು ಎಂದು ಕಾಕಾ ಕೇಳಿದರು. ನಾವು ಸೆರಗು ಮುಂದಕ್ಕೆಳೆದುಕೊಂಡು ಆಕಾಶ, ಕಂಬ, ಕಾಲಿನ ಉಂಗುರ ಎಲ್ಲವನ್ನೂ ನೋಡಿದೆವು.

ಅಷ್ಟರಲ್ಲಿ ಸುಬಲ್‌ನ ಪಿಕಪ್ ಬಂತು. ಹಿಂದೆ ಎಂಟು ಅಲ್ಯುಮಿನಿಯಂ ಹಂಡೆ, ಅವುಗಳಲ್ಲಿ ಜೀರಿಗೆಯಿಂದ ಹುಣಸೆಬೀಜದವರೆಗಿನ ಗಾತ್ರದ ಮರಿಗಳು. ಮರಿಗಳಿಗೆ ಗಾಳಿ ಸಿಗಲೆಂದು ಅವನೂ ಅವನ ಅಣ್ಣನೂ ದಾರಿಯುದ್ದಕ್ಕೂ ಹಂಡೆಯ ನೀರನ್ನು ಅಂಗೈಯಿಂದ ಬಡಿಯುತ್ತಲೇ ಬಂದಿದ್ದರು. ಗಾಡಿ ನಿಂತರೂ ಕೈ ನಿಲ್ಲಿಸುವ ಹಾಗಿಲ್ಲ. ಚಪ ಚಪ ಎಂದು ಬಡಿಯುತ್ತಲೇ ಸುಬಲ್, ಬಿಡುವುದಾದರೆ ಈಗಲೇ ಬಿಡಿ, ಇಲ್ಲವಾದರೆ ಬಿಸಿಲೇರುವ ಮುಂಚೆ ಮುಂದಿನ ಊರಿಗೆ ಹೋಗುತ್ತೇನೆ, ಭುಜ ಬಿದ್ದುಹೋಗುತ್ತಿದೆ ಎಂದ.

ಕಾಕಿ ಮೆಟ್ಟಿಲ ಮೇಲೆ ನಿಂತು ನಮ್ಮನ್ನೆಲ್ಲ ಒಮ್ಮೆ ನೋಡಿದರು. "ಹುಡುಗಿ ನೀರು ಬೊಗಸೇಲಿ ತಗೊಂಡು ನಿಜ ಹೇಳಿ. ಇವಳೀಗ ಮುತ್ತೈದೆ. ಇವಳ ನೀರು ಕೈಲಿಟ್ಕೊಂಡು ಸುಳ್ಳು ಹೇಳಿದ್ರೆ ನಿಮಗೇ ಗೊತ್ತು" ಎಂದರು. ಹಂಡೆಗಳಲ್ಲಿ ಚಪ ಚಪ. ಕೊನೆಗೆ ಮಂಟೋರಿಯಾ ದೀದಿಯೇ ಇಳಿದು, ಬೊಗಸೆ ತುಂಬಿಕೊಂಡು, ನೀರನ್ನೇ ನೋಡುತ್ತ "ಎರಡು" ಎಂದಳು. ಒಂಬತ್ತು ಎಂದು ಸಾರಿದವಳು. ದಡದಲ್ಲಿ ನಗು ಎದ್ದಿತು. ಆಮೇಲೆ ಒಬ್ಬೊಬ್ಬರಾಗಿ ಇಳಿದೆವು. ನಾಲ್ಕು ಎಂದವಳು ಒಂದಕ್ಕೆ ಬಂದಳು, ಆರು ಎಂದವಳು ಎರಡಕ್ಕೆ. ನನ್ನ ಸರದಿ ಬಂತು. "ಒಂದು. ಅದೂ ಚಿಕ್ಕದು" ಎಂದೆ. ನನ್ನ ಗಂಡ ದಡದಲ್ಲಿ ಬೇರೆ ಕಡೆ ಮುಖ ತಿರುಗಿಸಿದರು. ಇಂದಿಗೂ ಮನೆಯಲ್ಲಿ ನಾನು ಏನಾದರೂ ಐದು ಎಂದರೆ ಅವರು ಒಂದೇ ತರುತ್ತಾರೆ.

ಹನ್ನೆರಡು ಜನರದ್ದೂ ಮುಗಿಯಿತು. ಕೂಡಿಸಿದರೆ ಹದಿನಾರು.

ತೊಟ್ಟಿಯಲ್ಲಿರುವುದು ಹದಿನೇಳು. ಬಿಲಟ್ ಚಾಪೆ ಸರಿಸಿ ಮತ್ತೆ ಎಣಿಸಿದ. ಹದಿನೇಳೇ. ನಗು ನಿಂತುಹೋಯಿತು. ಹದಿನಾರು ನಾವು ಬಿಟ್ಟದ್ದಾದರೆ ಹದಿನೇಳನೆಯದು ಎಲ್ಲಿಯದು. ಹೊರಗಿನಿಂದ ಬರದಿದ್ದರೆ ಅದು ಒಳಗೇ ಇದ್ದದ್ದು, ಹಿಂಡಿಗೂ ಸುಣ್ಣಕ್ಕೂ ಸಾಯದೆ ಉಳಿದದ್ದು. ಬಿಲಟ್ ಈ ಸಲ ಬೀಗನ ಧಾಟಿಯಲ್ಲಿ ಮಾತಾಡಲಿಲ್ಲ. ಚಾಪೆಯನ್ನು ಮತ್ತೆ ಎಳೆದು ಮುಚ್ಚಿದ. ಕಾಕಾ ಮೆಟ್ಟಿಲ ಮೇಲೆ ಕೂತರು. ಯಾರೂ ಕೇಳದಿದ್ದರೂ ಅವರೇ ಹೇಳಿದರು: "ಒಂದು ಉಳಿದಿದೆ ಅಂದ್ರೆ ಹತ್ತು ಉಳಿದಿರುತ್ತೆ. ಸುಬಲ್, ಗಾಡಿ ತಿರುಗಿಸು. ಬಿಲಟ್, ನಿನ್ನ ಶೀಶೆ ತಗೊಂಡು ಬಾ. ನನ್ನ ಕೆಲಸ ಮುಗೀತು." ಅವರ ಬಲಗೈ ಮಡಿಲಲ್ಲಿ ಬಿದ್ದಿತ್ತು. ಅಷ್ಟು ಬೈಸಿಕೊಂಡಿದ್ದರೂ ನನಗೆ ಅಳು ಬಂತು.

ಸುಬಲ್ ಗಾಡಿ ಹತ್ತಲು ಹೋದ. ಆಗ ಕಾಕಿ ಸೀರೆ ನೆರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದರು. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡರು. ನಮಗೆಲ್ಲ ಸತ್ಯ ಮಾಡಿಸಿದವರು ತಾವು ಮಾಡಿರಲಿಲ್ಲ ಎಂಬುದು ಆಗ ನಮಗೆ ಹೊಳೆಯಿತು.

"ಒಂದು ನಂದು" ಎಂದರು.

ಕಾಕಾ ತಲೆ ಎತ್ತಲಿಲ್ಲ. "ನನ್ನ ಮಾನ ಉಳಿಸೋಕೆ ಸುಳ್ಳು ಹೇಳ್ಬೇಡ, ಲಖಿಂದರನ ಅಮ್ಮ. ಮನೇಲಿ ಮೀನೆಲ್ಲಿತ್ತು."

"ಗಡಿಗೇಲಿ ಇತ್ತಲ್ಲ."

"ಅದನ್ನ ನಾನು ತಿಂದೆ."

"ಎಡಗಡೆ ಮೀಸೆ ನೋಡಿ" ಎಂದರು ಕಾಕಿ.

ಬಿಲಟ್ ತೊಟ್ಟಿಗೆ ಕೈ ಹಾಕಿ ಮಾಂಗುರ್‌ಗಳನ್ನು ಒಂದೊಂದಾಗಿ ತಲೆ ಹಿಡಿದು ಎತ್ತಿದ. ನಾಲ್ಕನೆಯದು ದಪ್ಪ, ಕಪ್ಪು. ಎಡಗಡೆಯ ಮೀಸೆ ಅರ್ಧ. ಎತ್ತಿದವನ ಬೆರಳಿಗೆ ಮುಳ್ಳು ತಾಗಿಸಲು ಒಮ್ಮೆ ಹೊರಳಿತು ಕೂಡ. ಕಾಕಾ ಎದ್ದು ಬಂದು ಅದರ ಮುಖವನ್ನೇ ನೋಡಿದರು. ಅದೂ ಅವರನ್ನು ನೋಡಿತು.

ಕೇರಿಗೆ ಅರ್ಥವಾಗಲು ಎರಡು ಉಸಿರು ಹಿಡಿಯಿತು. ಆಮೇಲೆ ಮಂಟೋರಿಯಾ ದೀದಿಯ ನಗು ಮೊದಲು ಹೊರಬಿತ್ತು. ಹಾಗಾದರೆ ಉತ್ತರದ ಮೂಲೆಯ ಸಿಹಿ ಯಾವುದು, ಬಸವನಹುಳದ ರುಚಿ ಯಾವುದು, ಮೂರು ವರ್ಷದ ಮಾಂಗುರ್ ಯಾವುದು ಎಂದು ದಡದ ತುಂಬ ಕೇಳತೊಡಗಿದರು. ಸುಬಲ್ ನಗುತ್ತ ನೀರು ಬಡಿಯುವುದನ್ನು ಮರೆತ, ಅವನ ಅಣ್ಣ ತಲೆಗೆ ತಟ್ಟಬೇಕಾಯಿತು. ಕಾಕಾ ಅದೆಲ್ಲ ಮುಗಿಯುವವರೆಗೆ ನಿಂತರು. ಮುಗಿದ ಮೇಲೆ ಮೆಲ್ಲಗೆ ಕೇಳಿದರು.

"ಹಾಗಾದ್ರೆ ನಾನು ಕುಡಿದಿದ್ದು ಏನು?"

"ಬಾಳೆಕಾಯಿ. ಸಾಸಿವೆ, ಬೆಳ್ಳುಳ್ಳಿ ಅರೆದು ಹಾಕಿದ್ದೆ."

"ಮುಳ್ಳಿರಲಿಲ್ವಲ್ಲ ಅಂತ ನನಗೂ ಅನ್ನಿಸ್ತು."

"ಮಾಂಗುರ್‌ಗೆ ಮುಳ್ಳು ಕಮ್ಮಿ ಅಂತ ನೀವೇ ಅಂದ್ರಿ. ನಾನು ಹೂಂ ಅಂದೆ."

ಮತ್ತೆ ನಗು ಎದ್ದಿತು. ಆದರೆ ಕಾಕಾ ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಅಷ್ಟು ದಿನ ಯಾಕೆ ಮುಚ್ಚಿಟ್ಟೆ, ಮೊನ್ನೆಯೇ ಹೇಳಬಹುದಿತ್ತಲ್ಲ ಎಂದು ಮಾತ್ರ ಕೇಳಿದರು. ಕಾಕಿಯ ಬೊಗಸೆಯಿಂದ ನೀರೆಲ್ಲ ಸೋರಿಹೋಗಿತ್ತು. ಕೈ ಮಾತ್ರ ಹಾಗೇ ಇತ್ತು.

"ಹೇಳಿದ್ರೆ ನಿಮ್ಮ ನಾಲಿಗೆ ಮರ್ಯಾದೆ ಹೋಗ್ತಿತ್ತು. ಹೇಳದೆ ಇದ್ರೆ ಕೊಳ ಹೋಗುತ್ತೆ ಅಂತ ಗೊತ್ತಾಗಿದ್ದು ಈಗ." ಮತ್ತೆ ಅಂದರು: "ಹುಡುಗಿ ಮದುವೆ ಮಾಡಿ ಕಳಿಸೋ ಯೋಗ ನನಗಿರಲಿಲ್ಲ. ಇಬ್ಬರು ಗಂಡುಮಕ್ಕಳ ಮದುವೇಲೂ ಬೇರೆಯವರು ಹೊತ್ತು ತಂದಿದ್ದನ್ನ ಇಳಿಸ್ಕೊಂಡಿದ್ದೇ. ಒಂದು ಸಲಾನೂ ಕಳಿಸಿದವಳಲ್ಲ. ಮೊನ್ನೆ ಕೇರಿಯವರೆಲ್ಲ ತಂದು ಕೊಡ್ತಾ ಇದ್ರು, ನಾನು ತಾಯಿ ಅನ್ನಿಸ್ಕೊಂಡವಳು, ಬರಿಗೈಲಿ ನಿಲ್ಲೋದು ಹೇಗೆ. ಯಾರೂ ಹೀಗೆ ಕೊಡದೆ ಇದ್ರೂ ನಾನು ಕೊಡ್ತಿದ್ದೆ, ಹಿಂದಿನ ದಿನಾನೇ ಅಂದ್ಕೊಂಡಿದ್ದೆ. ಮನೇಲಿ ಜೀವ ಇರೋದು ಅದೊಂದೇ ಇತ್ತು. ಅದು ನಿಮ್ಮದು."

ಹಂಡೆಗಳ ಚಪ ಚಪ ಒಂದೇ. ಐದು ಎಂದು ಸುಳ್ಳು ಹೇಳಿ ಒಂದು ಚಿಕ್ಕದನ್ನು ಕೊಟ್ಟವಳು ನಾನು. ಗಂಡನ ಔಷಧಿಯನ್ನೇ ಕೊಟ್ಟು ಎಷ್ಟು ಎಂದು ಯಾರಿಗೂ ಹೇಳದವರು ಅವರು. ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ಮಂಟೋರಿಯಾ ದೀದಿ ಮೂಗು ಒರೆಸಿಕೊಳ್ಳುತ್ತಿದ್ದಳು, ಶೀತ ಎಂದಳು.

ಹದಿನೇಳಕ್ಕೆ ಹದಿನೇಳು ಸರಿಹೋಗಿತ್ತು. ಕಾಕಾ ಹೋಗಿ ಕುಕ್ಕರುಗಾಲಲ್ಲಿ ಕೂತು, ಕೈಯನ್ನು ಮೊಣಕೈವರೆಗೆ ಇಳಿಸಿದರು. ಮೂರು ಸಲ ಬಲೆ ಎಳೆದು ಕದಡಿದ್ದ ನೀರಿನಲ್ಲಿ ಅಂಗೈಯನ್ನು ಹುಡುಕಲು ಬಹಳ ಹೊತ್ತು ಹಿಡಿಯಿತು. ನೀರು ನೋಡುತ್ತಿದ್ದರೋ ಮುಖ ಮರೆಸುತ್ತಿದ್ದರೋ ಹೇಳಲಾರೆ. ಕೊನೆಗೆ ಎದ್ದು ಕೈ ಕೊಡವಿ, "ಇಳಿಸಿ" ಎಂದರು. ಶೀಶೆ ತೆಗೆಯಲು ಹೊರಟ ಬಿಲಟ್ ಡಬ್ಬಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. "ಬೀಗರು ಹೇಳಿದ ಮೇಲೆ ಆಯ್ತಲ್ಲ" ಎಂದ.

ಹಂಡೆಗಳನ್ನು ನೀರಿನಲ್ಲಿ ತೇಲಿಬಿಟ್ಟರು. ಕೊಳದ ನೀರನ್ನು ಬೊಗಸೆ ಬೊಗಸೆಯಾಗಿ ಒಳಗೆ ಬೆರೆಸಿ, ಒಳಗಿನ ತಂಪೂ ಹೊರಗಿನ ತಂಪೂ ಒಂದಾಗುವವರೆಗೆ ಕಾದರು. ಮೊದಲ ಹಂಡೆ ಬಗ್ಗಿಸುವುದು ಯಾವಾಗಲೂ ಕಾಕಾರ ಹಕ್ಕು. ಅಂದು ಅವರು ಕಾಕಿಯನ್ನು ಕರೆದು, ಹಂಡೆಯ ಅಂಚನ್ನು ಅವರ ಕೈಗೆ ಕೊಟ್ಟು, "ಕಳಿಸು" ಎಂದರು. ಕಾಕಿ ಬಗ್ಗಿಸಿದರು. ಮರಿಗಳು ಒಂದು ಕ್ಷಣ ಅವರ ಬಳೆಗಳ ಸುತ್ತಲೇ ಸುಳಿದಾಡಿ, ಆಮೇಲೆ ಹಸಿರಿನೊಳಗೆ ಹೋದವು.

ಮಧ್ಯಾಹ್ನದ ಊಟಕ್ಕೆ ಬೆಂದದ್ದು ಹದಿನಾರು ಮೀನು. ಮೊದಲ ತುತ್ತಿಗೆ ಕಾಕಾ ಕಣ್ಣು ಮುಚ್ಚಿದಾಗ ಇಡೀ ಪಂಕ್ತಿ ಉಸಿರು ಬಿಗಿಹಿಡಿದು ಕಾದಿತು. ಅವರು ಕಣ್ಣು ತೆರೆದು, ಉಪ್ಪು ಸರಿಯಾಗಿದೆ ಎಂದಷ್ಟೇ ಹೇಳಿದರು.

ಹದಿನೇಳನೆಯದು ಇನ್ನೂ ಕಾಕಿಯ ಗಡಿಗೆಯಲ್ಲೇ ಇದೆ. ಅನ್ನದ ಅಗುಳು ತಿಂದು ಇನ್ನಷ್ಟು ದಪ್ಪವಾಗಿದೆ, ಮೀಸೆ ಮಾತ್ರ ಬೆಳೆದಿಲ್ಲ. ಆಮೇಲೆ ಕಾಕಾರಿಗೆ ಎರಡು ಸಲ ಕೆಮ್ಮು ಬಂತು. ಎರಡು ಸಲವೂ ಅವರೇ ನಮ್ಮ ಹಿತ್ತಲಿಗೆ ಬಂದು ಒಂದು ಬಾಳೆಕಾಯಿ ಕೇಳಿ ತೆಗೆದುಕೊಂಡು ಹೋದರು.